ಕೆರೆಗೆ ಹಾರ ಕಥನಗೀತೆಯಿಂದ ಟ್ವೈನ್ ಆಟ: ಆಯ್ಕೆಗಳನ್ನು ಎಲ್ಲಿಡಬೇಕು, ಕನ್ನಡ ಪಠ್ಯಕ್ಕೆ ಏನೇನು ಎಚ್ಚರ ಬೇಕು?

ಹೊಸಕೊಂಡಿ ಕೇಳಿದ್ದು:

ಒಂದು ಗೇಮ್ ಜಾಮ್‌ಗೆ (ಗೊತ್ತುಮಾಡಿದ ದಿನಗಳೊಳಗೆ ಆಟ ಕಟ್ಟುವ ಕೂಟಕ್ಕೆ) ಹೆಸರು ಕೊಟ್ಟಿದ್ದೇನೆ. ಆಟ ಯಾವುದಾದರೂ ಒಂದು ಹಾಡಿನಿಂದ ಹುಟ್ಟಿರಬೇಕು, ಪಠ್ಯವೇ ಮುಖ್ಯವಾಗಿರಬೇಕು, ಬ್ರೌಸರಿನಲ್ಲೇ ಆಡುವಂತಿರಬೇಕು. ಸಮಯ ಹತ್ತು ದಿನ. ಭಾಷೆಯ ಕಟ್ಟಳೆ ಇಲ್ಲ, ಹಾಗಾಗಿ ಕನ್ನಡದಲ್ಲೇ ಮಾಡುತ್ತೇನೆ. ಹಾಡು ಕೆರೆಗೆ ಹಾರ, ನೀರು ಬಾರದ ಕೆರೆಗೆ ಸೊಸೆ ಭಾಗೀರತಿಯನ್ನು ಬಲಿ ಕೊಡುವ ಜನಪದ ಕಥನಗೀತೆ.

ತೊಡಕು ಇರುವುದು ಇಲ್ಲಿ: ಭಾಗೀರತಿ ಕೆರೆಗೆ ಹಾರವಾಗುತ್ತಾಳೆ ಅನ್ನುವುದು ಎಲ್ಲರಿಗೂ ಗೊತ್ತು. ಆಡುವವರು ಅವಳನ್ನು ಉಳಿಸುವಂತೆ ಮಾಡಿದರೆ ಅದು ಆ ಹಾಡೇ ಅಲ್ಲ. ಉಳಿಸಲು ಬಿಡದಿದ್ದರೆ ಲಿಂಕ್ ಒತ್ತುವುದಕ್ಕೆ ಅರ್ಥವೇನು? ಪ್ರತಿ ಹಂತಕ್ಕೆ ಎರಡೆರಡು ಆಯ್ಕೆ ಇಟ್ಟು ಕಾಗದದ ಮೇಲೆ ಬರೆದು ನೋಡಿದರೆ ಕವಲು ಕೈಮೀರಿ ಹೋಗುತ್ತಿದೆ.

ಇನ್ನೆರಡು ವಿಷಯ. ಲಿಂಕ್ ಒತ್ತುತ್ತಾ ಓದುವ ಆಟ ಕಟ್ಟುವ ತಂತ್ರಾಂಶವಾದ ಟ್ವೈನ್‌ನಲ್ಲಿ, ಅದರ ಕಥಾ ಸ್ವರೂಪಗಳಲ್ಲೊಂದಾದ ಶುಗರ್‌ಕ್ಯೂಬ್ ಬಳಸಿ ಮಾಡುವ ಯೋಚನೆ ಇದೆ. ಕನ್ನಡಕ್ಕೆ ಅದು ತಕರಾರು ಮಾಡುತ್ತದೆಯೇ? ಮತ್ತು ಯಾರೋ ಹಾಡಿರುವ ಧ್ವನಿಮುದ್ರಣವನ್ನು ಹಿನ್ನೆಲೆಗೆ ಹಾಕಬಹುದೇ?

---

ಏಕತಾರಿ:

ಹಾಡಿನ ಕಥೆಯನ್ನು ಆಟವಾಗಿ ತಿರುಗಿಸಿ ಹೇಳಲು ಹೋಗಬೇಡಿ, ಹಾಡಿನ ಕಟ್ಟಡವನ್ನು ಹಿಡಿಯಿರಿ. ಈ ಹಾಡಿನಲ್ಲಿ ಕಟ್ಟಡ ಎಷ್ಟು ಗಟ್ಟಿಯಾಗಿದೆ ಎಂದರೆ ನಿಮ್ಮ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ.

ಮೊದಲ ಅರ್ಧದಲ್ಲಿ ಭಾಗೀರತಿ ತವರಿಗೆ ಹೋಗುತ್ತಾಳೆ. ಅಪ್ಪ, ಅವ್ವ, ಅಕ್ಕ ಒಬ್ಬೊಬ್ಬರೂ ಯಾಕೆ ಕಣ್ಣೀರು ಎಂದು ಕೇಳುತ್ತಾರೆ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಅವಳು ಮಾತು ಮರೆಸುತ್ತಾಳೆ. ಒಬ್ಬರು ಹೊಲಮನೆ ಕೊಡುತ್ತೇನೆ ಅನ್ನುತ್ತಾರೆ, ಇನ್ನೊಬ್ಬರು ಮತ್ತೇನೋ ಕೊಡುತ್ತೇನೆ ಅನ್ನುತ್ತಾರೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಎರಡನೇ ಅರ್ಧದಲ್ಲಿ ಗಂಡ ಮಾದೇವರಾಯ ದಂಡಿನಿಂದ ಕುದುರೆ ಹತ್ತಿ ಬಂದು ಅವಳನ್ನು ಹುಡುಕುತ್ತಾ ಅದೇ ಬಾಗಿಲುಗಳಿಗೆ ಬರುತ್ತಾನೆ. ಅವನಿಗೆ ನಿಜ ಸಿಗುವುದೂ ಗೆಳತಿಯ ಬಾಯಿಂದ.

ನಿಮ್ಮ ಆಟ ಇರುವುದು ಇಲ್ಲಿಯೇ. ಅಂತ್ಯ ಒಂದೇ ಇರಲಿ. ಆಡುವವರ ಕೈಯಲ್ಲಿರುವುದು ಯಾರಿಗೆ ನಿಜ ಹೇಳುವುದು, ಯಾರ ಮುಂದೆ ನುಂಗಿಕೊಳ್ಳುವುದು. ಮೊದಲ ಅರ್ಧದಲ್ಲಿ ಮಾಡಿದ ಈ ಆಯ್ಕೆಗಳು ಎರಡನೇ ಅರ್ಧದಲ್ಲಿ ಮಾದೇವರಾಯನ ಮುಂದೆ ಬಂದು ನಿಲ್ಲುತ್ತವೆ. ಅಪ್ಪನಿಗೆ ನಿಜ ಗೊತ್ತಿದ್ದೂ ಸುಮ್ಮನಿದ್ದ ಎಂದಾದರೆ, ಅಳಿಯ ಬಂದು ಕೇಳಿದಾಗ ಆ ಅಪ್ಪ ಏನು ಹೇಳುತ್ತಾನೆ? ಹಾಡು ಈ ಪ್ರಶ್ನೆ ಕೇಳುವುದಿಲ್ಲ. ನಿಮ್ಮ ಆಟ ಕೇಳಬಹುದು. ಯಾರಿಗೂ ಹೇಳದೆ ಹೋದರೆ ಮಾದೇವರಾಯ ಎಲ್ಲ ಬಾಗಿಲು ದಾಟಿ ಕೊನೆಗೆ ಕೆರೆಯ ನೀರನ್ನು ನೋಡಿಯೇ ತಿಳಿದುಕೊಳ್ಳಬೇಕಾಗುತ್ತದೆ. ಅದಕ್ಕೆ ಬೇರೆಯದೇ ತೂಕ ಬರುತ್ತದೆ.

ಈಗ ಲೆಕ್ಕ ನೋಡಿ. ಐದು ಹಂತಕ್ಕೂ ಎರಡೆರಡು ಕವಲು ಒಡೆಯುತ್ತಾ ಹೋದರೆ 32 ಅಂತ್ಯ, ಒಟ್ಟು 63 ಪ್ಯಾಸೇಜ್ (ಟ್ವೈನ್‌ನಲ್ಲಿ ಒಂದೊಂದು ಪುಟಕ್ಕೆ ಈ ಹೆಸರು) ಆಗುತ್ತದೆ. ಹತ್ತು ದಿನದಲ್ಲಿ ಅದು ಆಗುವ ಮಾತಲ್ಲ, ಆದರೂ ಒಬ್ಬರು ಓದುವುದು ಅದರಲ್ಲಿ ಆರನ್ನು ಮಾತ್ರ. ಕವಲಿನ ಬದಲು ನೆನಪು ಇಟ್ಟುಕೊಳ್ಳಿ: ಅಪ್ಪ, ಅವ್ವ, ಅಕ್ಕ, ಗೆಳತಿ, ಒಬ್ಬೊಬ್ಬರಿಗೆ ಒಂದು ವೇರಿಯಬಲ್, ಗೊತ್ತು ಅಥವಾ ಗೊತ್ತಿಲ್ಲ. ನಾಲ್ಕು ವೇರಿಯಬಲ್‌ಗಳಿಂದ 16 ಸ್ಥಿತಿಗಳು ಸಿಗುತ್ತವೆ, ದಾರಿ ಮಾತ್ರ ಒಂದೇ. ಪ್ಯಾಸೇಜ್‌ಗಳನ್ನು ಎಣಿಸಿದರೆ: ಮುಖಪುಟ 1, ನೀರಿಲ್ಲದ ಕೆರೆ ಮತ್ತು ಹೊತ್ತಗೆ ತೆಗೆಸಿ ಶಾಸ್ತ್ರ ಕೇಳುವುದು 2, ತವರಿನ ದಾರಿ 1, ನಾಲ್ಕು ಭೇಟಿ 4, ಮರಳಿ ಬರುವುದು 1, ಗಂಗೆಪೂಜೆ 1, ಮರೆತುಬಂದ ಗಂಗಾಳ 1, ಮೆಟ್ಟಿಲು 5, ಗಂಡನ ಕನಸು ಮತ್ತು ಕುದುರೆ 1, ಅತ್ತೆಮನೆ 1, ಮತ್ತೆ ನಾಲ್ಕು ಭೇಟಿ 4, ಕೆರೆಯ ದಂಡೆ 1. ಒಟ್ಟು 23. ಒಂದಕ್ಕೆ ಸರಾಸರಿ 120 ಪದ ಹಿಡಿದರೆ 2,800 ಪದದೊಳಗೆ ಮುಗಿಯುತ್ತದೆ. ಇದಕ್ಕಿಂತ ದೊಡ್ಡದು ಮಾಡಬೇಡಿ.

ಐದು ಮೆಟ್ಟಿಲುಗಳ ಬಗ್ಗೆ ಒಂದು ಮಾತು. ಹಾಡಿನಲ್ಲಿ ಒಂದೊಂದು ಮೆಟ್ಟಿಲು ಏರಿದಂತೆ ನೀರು ಪಾದಕ್ಕೆ ಬಂದು, ಪಾದ ಮುಳುಗಿ, ನಡುಮಟ್ಟಕ್ಕೆ ಏರುತ್ತದೆ. ಅಲ್ಲಿ ಆಯ್ಕೆ ಇಡಬೇಡಿ. ಒಂದೇ ಲಿಂಕ್, ಐದು ಸಲ. ಅದುವರೆಗೆ ಪ್ರತಿ ಪುಟದಲ್ಲೂ ಎರಡು ಮೂರು ಲಿಂಕ್ ಕಂಡ ಕಣ್ಣಿಗೆ ಒಂದೇ ಲಿಂಕ್ ಕಂಡಾಗ ದಾರಿ ಮುಚ್ಚಿಹೋಗಿದ್ದು ಹೇಳದೆಯೇ ತಿಳಿಯುತ್ತದೆ. ಪಠ್ಯವನ್ನೂ ಇಳಿಸುತ್ತಾ ಬನ್ನಿ: ಮೊದಲ ಮೆಟ್ಟಿಲಿಗೆ 60 ಪದ, ಐದನೆಯದಕ್ಕೆ ಒಂದು ಸಾಲು. ಏರುತ್ತಾ ಹೋಗುವ ಪುನರುಕ್ತಿ ಜನಪದ ಹಾಡಿನ ಜೀವಾಳ. ಓದುವ ಪಠ್ಯದಲ್ಲಿ ಅದನ್ನು ಹಾಗೇ ಇಟ್ಟರೆ ಮೂರನೇ ಸಲಕ್ಕೆ ಕಣ್ಣು ಹಾರಿಸಿಕೊಂಡು ಹೋಗುತ್ತದೆ. ವಾಕ್ಯದ ಚೌಕಟ್ಟು ಅದೇ ಇರಲಿ, ಪ್ರತಿ ಸಲ ಒಂದು ಪದ ಮಾತ್ರ ಬದಲಾಗಲಿ.

ಮಾದರಿ ಬೇಕಿದ್ದರೆ ಹಾಡುಗಳ ಮೇಲೆ ಕಟ್ಟಿದ ಹಳೆಯ ಜಾಮ್‌ಗಳನ್ನು ಆಡಿ ನೋಡಿ. 2014ರ ಶಫಲ್‌ಕಾಂಪ್‌ನಲ್ಲಿ ಪ್ರತಿಯೊಬ್ಬರೂ ಹಾಡುಗಳ ಪಟ್ಟಿ ಕೊಡಬೇಕಿತ್ತು. ಪಟ್ಟಿಗಳನ್ನು ಕಲಸಿ ಹಂಚುತ್ತಿದ್ದರು, ಕೈಗೆ ಬಂದ ಪಟ್ಟಿಯ ಹಾಡಿನ ಮೇಲೆ ಆಟ ಬರೆಯಬೇಕಿತ್ತು. 2012ರಲ್ಲಿ ಒಂದು ಇಡೀ ಆಲ್ಬಮ್ಮಿನ ಪ್ರತಿ ಟ್ರ್ಯಾಕಿಗೂ ಒಂದೊಂದು ಆಟ ಬರೆದ ಸಾಮೂಹಿಕ ಯೋಜನೆಯೂ ನಡೆದಿದೆ. ಅದರಲ್ಲಿ ಕೆಲವೇ ಸೆಕೆಂಡುಗಳ ತುಣುಕು ಹಾಡುಗಳಿಗೆ ಒಂದೇ ನಡೆಯಲ್ಲಿ ಮುಗಿಯುವ ಆಟಗಳನ್ನು ಮಾಡಿದರು. ಹಾಡಿನ ಉದ್ದವೇ ಆಟದ ನಿಯಮವಾದದ್ದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

---

ಒತ್ತಕ್ಷರ:

ಶುಗರ್‌ಕ್ಯೂಬ್ ಒಳ್ಳೆಯ ಆಯ್ಕೆ. ಕನ್ನಡ ಪಠ್ಯ ಹಾಗೇ ಮೂಡುತ್ತದೆ. ತಕರಾರು ಬರುವ ಜಾಗಗಳು ಬೇರೆ.

ವೇರಿಯಬಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಡಾಲರ್ ಗುರುತಿನ ನಂತರ ಕನ್ನಡ ಅಕ್ಷರ ಬಂದರೆ ಶುಗರ್‌ಕ್ಯೂಬ್ ಅದನ್ನು ವೇರಿಯಬಲ್ ಎಂದು ಗುರುತಿಸುವುದೇ ಇಲ್ಲ. ಪ್ಯಾಸೇಜ್ ಹೆಸರು ಕನ್ನಡದಲ್ಲಿದ್ದರೂ ನಡೆಯುತ್ತದೆ, ಆದರೆ ಅದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಕಾರಣ: ಕಣ್ಣಿಗೆ ಒಂದೇ ಥರ ಕಾಣುವ ಎರಡು ಕನ್ನಡ ಪದಗಳ ಒಳಗಿನ ಸಂಕೇತಗಳು ಬೇರೆ ಇರಬಹುದು. ಓಕಾರವನ್ನು ಒಂದು ಕೀಲಿಮಣೆ ಒಂದೇ ಸಂಕೇತವಾಗಿ ಕೊಡಬಹುದು, ಬೇರೆ ಕಡೆಯಿಂದ ನಕಲು ಮಾಡಿದ ಪಠ್ಯದಲ್ಲಿ ಅದು ಮೂರು ಬಿಡಿ ತುಂಡಾಗಿ ಬಂದಿರಬಹುದು. ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಶೂನ್ಯಗಲದ ವಿಭಜಕ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ಅದೇ ಕಥೆ. ಲಿಂಕ್ ನೀವು ಬರೆದ ಪ್ಯಾಸೇಜ್‌ಗೆ ಹೋಗಿ ಕೂಡುವುದಿಲ್ಲ, ಹೆಸರು ಸರಿಯಾಗಿಯೇ ಕಾಣುತ್ತಿರುತ್ತದೆ. ಇದನ್ನು ಹುಡುಕುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ.

ವಿಭಕ್ತಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಇಂಗ್ಲಿಷ್ ಆಟಗಳಲ್ಲಿ ವೇರಿಯಬಲ್‌ನಲ್ಲಿ ಹೆಸರು ಇಟ್ಟು ವಾಕ್ಯದ ಮಧ್ಯೆ ಸುರಿಯುತ್ತಾರೆ. ಕನ್ನಡದಲ್ಲಿ ಅಪ್ಪ ಎಂದಿಟ್ಟು ಪಕ್ಕದಲ್ಲಿ ಪ್ರತ್ಯಯ ಅಂಟಿಸಿದರೆ ಅಪ್ಪನಿಗೆ ಆಗುವುದಿಲ್ಲ. ಗೆಳತಿಗೆ ಎಂಬಲ್ಲಿ ಒಂದು ಥರ, ಅಕ್ಕನಿಗೆ, ಮಾದೇವರಾಯನಿಗೆ ಎಂಬಲ್ಲಿ ಇನ್ನೊಂದು ಥರ ಕೂಡುತ್ತದೆ. ಬೇಕಾದ ರೂಪಗಳನ್ನೆಲ್ಲ ಪೂರ್ತಿ ಪದವಾಗಿಯೇ ಇಡಿ. ಕ್ರಿಯಾಪದವನ್ನೂ ಜೊತೆಗೇ ಇಡಿ. ಏಕತಾರಿ ಹೇಳಿದಂತೆ ನಾಲ್ಕು ಭೇಟಿಗಳು ಎರಡು ಸಲ ಬರುತ್ತವಲ್ಲ, ಒಂದೇ ಪ್ಯಾಸೇಜ್‌ನಲ್ಲಿ ಬಂದಳು ಮತ್ತು ಬಂದನು ಎರಡನ್ನೂ ಷರತ್ತು ಹಾಕಿ ತೂರಿಸುವ ಆಸೆ ಹುಟ್ಟುತ್ತದೆ. ಬೇಡ. ಪ್ರತಿ ವಾಕ್ಯದಲ್ಲೂ ಲಿಂಗ ಬದಲಾಗುವ ಭಾಷೆ ನಮ್ಮದು, ಷರತ್ತುಗಳೇ ಪಠ್ಯವನ್ನು ಮೀರಿಸುತ್ತವೆ. ಎಂಟು ಪ್ಯಾಸೇಜ್ ಬೇರೆ ಬೇರೆ ಬರೆಯುವುದೇ ಬೇಗ.

ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಲಿಂಕನ್ನೂ ಕೊನೆಗೇ ಇಟ್ಟರೆ ಚೆನ್ನಾಗಿ ಕೂರುತ್ತದೆ. ಶುಗರ್‌ಕ್ಯೂಬ್‌ನ ಸೈಕಲ್ ಎಂಬ ಮ್ಯಾಕ್ರೊ (ಸಿದ್ಧ ಆದೇಶ) ಬಳಸಿ ಕೊನೆಯ ಪದವೊಂದನ್ನೇ ಒತ್ತಿದಂತೆ ಬದಲಾಗುವ ಹಾಗೆ ಮಾಡಬಹುದು. ಉದಾಹರಣೆಗೆ:

ಅಪ್ಪ ಮುಖ ನೋಡಿದ. ಭಾಗೀರತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೆರೆಯ ಮಾತನ್ನು *ಎತ್ತಿದಳು*.

ಒತ್ತಿದರೆ *ಎತ್ತಲಿಲ್ಲ* ಆಗುತ್ತದೆ, ಮತ್ತೆ ಒತ್ತಿದರೆ *ಎತ್ತಿದಳು*. ಕೆಳಗೆ ಮುಂದಕ್ಕೆ ಹೋಗುವ ಲಿಂಕ್ ಇರಲಿ. ಯಾವ ಪದದ ಮೇಲೆ ಬಿಟ್ಟು ಮುಂದೆ ಹೋದರೋ ಅದೇ ವೇರಿಯಬಲ್‌ಗೆ ಸೇರುತ್ತದೆ. ಹೇಳಲೋ ಬೇಡವೋ ಎಂಬ ತೊಳಲಾಟ ಬೆರಳ ತುದಿಗೇ ಬಂದುಬಿಡುತ್ತದೆ. ಎರಡು ಗುಂಡಿ ಇಟ್ಟು ಹೇಳು, ಹೇಳಬೇಡ ಎಂದು ಕೇಳಿದರೆ ಇದು ಬರುವುದಿಲ್ಲ.

ಅಕ್ಷರ ಅಕ್ಷರವಾಗಿ ಮೂಡುವ ಟೈಪ್ ಮ್ಯಾಕ್ರೊ ಕನ್ನಡಕ್ಕೆ ಹೊಂದುವುದಿಲ್ಲ. ಅದು ಸಂಕೇತವೊಂದೊಂದನ್ನೇ ಬಿಡುತ್ತದೆ. ಕ್ಷ ಬರುವ ಮೊದಲು ಕ, ಆಮೇಲೆ ಕ್, ಆಮೇಲೆ ಕ್ಷ ಮಿನುಗುತ್ತವೆ; ಸಾಲು ಪೂರ್ತಿ ಕುಣಿಯುತ್ತದೆ. ನಿಧಾನ ಬೇಕಿದ್ದರೆ ಟೈಮ್ಡ್ ಮ್ಯಾಕ್ರೊ ಬಳಸಿ ಸಾಲು ಸಾಲಾಗಿ ಬಿಡಿ, ಸಾಲಿಗೆ 1ರಿಂದ 1.5 ಸೆಕೆಂಡ್. ಅದನ್ನೂ ಮೆಟ್ಟಿಲುಗಳಿಗೆ ಮಾತ್ರ. ಎರಡನೇ ಸಲ ಆಡುವವರನ್ನು ಕಾಯಿಸಬಾರದು.

ಫಾಂಟ್ ಆಟದ ಜೊತೆಗೇ ಕಳಿಸಿ. ನೋಟೊ ಸೆರಿಫ್ ಕನ್ನಡ ಅಥವಾ ಟೀರೊ ಕನ್ನಡ, ಎರಡೂ ಮುಕ್ತ ಪರವಾನಗಿಯವು. ಸಾಲಿನ ಎತ್ತರ 1.7ಕ್ಕಿಂತ ಕಡಿಮೆ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರಗಳ ನಡುವಿನ ಅಂತರ ಸೊನ್ನೆಯಲ್ಲೇ ಇರಲಿ. ದಪ್ಪಕ್ಷರದ ಕಡತ ಸೇರಿಸದೆ ದಪ್ಪ ಮಾಡಿದರೆ ಬ್ರೌಸರ್ ತಾನೇ ಉಬ್ಬಿಸುತ್ತದೆ, ಒತ್ತಕ್ಷರದ ಸಂದುಗಳು ಮುಚ್ಚಿಹೋಗುತ್ತವೆ. ಸೇವ್, ರೀಸ್ಟಾರ್ಟ್ ಮುಂತಾದ ಪಕ್ಕಪಟ್ಟಿಯ ಪದಗಳು ಇಂಗ್ಲಿಷ್‌ನಲ್ಲಿ ಉಳಿಯುತ್ತವೆ. ಅವುಗಳ ಪಟ್ಟಿ ಶುಗರ್‌ಕ್ಯೂಬ್ ದಸ್ತಾವೇಜಿನ ಸ್ಥಳೀಕರಣ ಭಾಗದಲ್ಲಿದೆ. ಕಥೆಯ ಜಾವಾಸ್ಕ್ರಿಪ್ಟ್‌ನಲ್ಲಿ ಬೇಕಾದ ಹತ್ತು ಹನ್ನೆರಡನ್ನು ಕನ್ನಡ ಮಾಡಿದರೆ ಸಾಕು.

ನೀರು ಏರುವುದನ್ನು ಕಾಣಿಸಲು ಸ್ಕ್ರಿಪ್ಟ್ ಬೇಕಿಲ್ಲ. ಐದು ಮೆಟ್ಟಿಲ ಪ್ಯಾಸೇಜ್‌ಗಳಿಗೂ ಒಂದೊಂದು ಟ್ಯಾಗ್ ಕೊಡಿ. ಶುಗರ್‌ಕ್ಯೂಬ್ ಆ ಟ್ಯಾಗನ್ನು ಪುಟದ ಬಾಡಿ ಎಲಿಮೆಂಟ್‌ಗೆ ಕ್ಲಾಸ್ ಆಗಿ ಹಚ್ಚುತ್ತದೆ. ಸ್ಟೈಲ್‌ಶೀಟಿನಲ್ಲಿ ಪ್ರತಿ ಕ್ಲಾಸಿಗೆ ಕೆಳಗಿನಿಂದ ಏರುವ ಎರಡು ಬಣ್ಣದ ಗ್ರೇಡಿಯೆಂಟ್ ಬರೆಯಿರಿ: 20, 40, 60, 80, ಕೊನೆಗೆ 100 ಶೇಕಡ. ಅಕ್ಷರದ ಬಣ್ಣ ಎರಡೂ ಹಿನ್ನೆಲೆಯ ಮೇಲೆ ಓದಲು ಬರಬೇಕು, ಕಾಂಟ್ರಾಸ್ಟ್ 4.5ಕ್ಕೆ ಕಡಿಮೆ ಬೇಡ. ಎರಡೂ ಬಣ್ಣ ಕಪ್ಪಿನ ಹತ್ತಿರ ಇದ್ದರೆ, ಅಕ್ಷರ ತಿಳಿ ಬಣ್ಣದ್ದಾದರೆ ಗೋಳಿಲ್ಲ.

---

ಶ್ರುತಿಪೆಟ್ಟಿಗೆ:

ಧ್ವನಿಮುದ್ರಣದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಹಾಕಬೇಡಿ.

ಹಾಡು ಜನಪದದ್ದು, ಅದಕ್ಕೆ ಒಡೆಯರಿಲ್ಲ. ಆದರೆ ಯಾರೋ ಹಾಡಿ ಮುದ್ರಿಸಿದ ಧ್ವನಿಗೆ ಹಕ್ಕುದಾರರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆ ಇದೆ. ಹಾಡಿದವರಿಗೆ ಬೇರೆ ಹಕ್ಕು, ಹೊಸದಾಗಿ ರಾಗ ಕಟ್ಟಿದ್ದರೆ ರಾಗಕ್ಕೆ ಬೇರೆ. ಭಾವಗೀತೆ, ಸಿನಿಮಾ ಹಾಡು ಆಯ್ದುಕೊಳ್ಳುವವರಿಗೆ ಇನ್ನೂ ಬಿಗಿ: ಸಾಹಿತ್ಯಕ್ಕೆ ಕವಿಯ ಆಯುಷ್ಯ ಮತ್ತು ಅದರ ಮೇಲೆ 60 ವರ್ಷ. ಅಂಥ ಹಾಡಿನಿಂದ ಸನ್ನಿವೇಶ ತೆಗೆದುಕೊಳ್ಳಿ, ಸಾಲುಗಳನ್ನಲ್ಲ. ನಿಮ್ಮ ಹಾಡಿಗೂ ಪುಸ್ತಕದಲ್ಲಿ ಅಚ್ಚಾದ ಪಾಠವನ್ನು ಹಾಗೇ ಎತ್ತದೆ ನಿಮ್ಮ ಮಾತಿನಲ್ಲೇ ಬರೆಯಿರಿ. ಯಾವ ಪಾಠ ಓದಿ ಬರೆದಿರಿ ಎಂಬುದನ್ನು ಕೃತಜ್ಞತೆಯ ಪುಟದಲ್ಲಿ ಹೇಳಿ.

ಆಟಕ್ಕೆ ನಿಜವಾಗಿ ಬೇಕಾದ್ದು ಎರಡು ಶಬ್ದ: ಒಂದು ಶ್ರುತಿ, ಒಂದು ನೀರು. ಏಕತಾರಿಯನ್ನು ಒಂದು ನಿಮಿಷ ಮೀಟಿ ಫೋನಿನಲ್ಲೇ ಮುದ್ರಿಸಿ. ರಾತ್ರಿ ಫ್ಯಾನ್ ಆರಿಸಿ, ಮೈಕಿನಿಂದ ಒಂದು ಮೊಳ ದೂರದಲ್ಲಿ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ 30 ಸೆಕೆಂಡ್ ಕತ್ತರಿಸಿ. ಕತ್ತರಿಸುವ ಮೊದಲು ಝಡ್ ಒತ್ತಿದರೆ ಆಯ್ಕೆಯ ಅಂಚುಗಳು ಅಲೆ ಸೊನ್ನೆ ದಾಟುವ ಬಿಂದುವಿಗೆ ಸರಿಯುತ್ತವೆ, ಇಲ್ಲವಾದರೆ ಮರಳಿ ಶುರುವಾಗುವಾಗಲೆಲ್ಲ ಟಕ್ ಎನ್ನುತ್ತದೆ. ಎಂಪಿ3 ಕಡತಕ್ಕೆ ತಲೆ ಬಾಲದಲ್ಲಿ ಒಂದಿಷ್ಟು ಮೌನ ತಾನಾಗಿ ಸೇರಿಕೊಳ್ಳುತ್ತದೆ, ಹಾಗಾಗಿ ಲೂಪ್ ಆದಾಗ ಶ್ರುತಿ ಒಂದು ಕ್ಷಣ ಕಡಿಯುತ್ತದೆ. ಆಗ್ (ಒಜಿಜಿ) ಬಗೆಯ ಕಡತದಲ್ಲಿ ಈ ತೊಂದರೆ ಇಲ್ಲ. ಆದರೆ ಹಳೆಯ ಐಫೋನ್‌ಗಳು ಆಗ್ ನುಡಿಸುವುದಿಲ್ಲ, ಅದಕ್ಕೆ ಎರಡನ್ನೂ ಕೊಡಿ. ಧ್ವನಿ ಕಡತಗಳನ್ನು ಆಟಕ್ಕೆ ಸೇರಿಸುವ ಕ್ಯಾಶ್‌ಆಡಿಯೊ ಮ್ಯಾಕ್ರೊದಲ್ಲಿ ಆಗ್ ಮೊದಲು, ಎಂಪಿ3 ನಂತರ ಬರೆದರೆ ಬ್ರೌಸರ್ ತನಗೆ ಒಗ್ಗುವುದನ್ನು ಆರಿಸಿಕೊಳ್ಳುತ್ತದೆ. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ, ಶ್ರುತಿಗೆ ಅಷ್ಟು ಸಾಕು.

ಎರಡು ಎಚ್ಚರ. ಪುಟ ತೆರೆದ ಕೂಡಲೇ ಧ್ವನಿ ನುಡಿಸಲು ಬ್ರೌಸರ್ ಬಿಡುವುದಿಲ್ಲ, ಆಡುವವರು ಒಮ್ಮೆಯಾದರೂ ಏನಾದರೂ ಒತ್ತಿರಬೇಕು. ಮುಖಪುಟದಲ್ಲಿ ಶುರು ಮಾಡುವ ಲಿಂಕ್ ಇಟ್ಟು, ಅದರ ಮುಂದಿನ ಪ್ಯಾಸೇಜ್‌ನಲ್ಲಿ ಶ್ರುತಿ ಹಚ್ಚಿ. ಇನ್ನೊಂದು, ಐಫೋನ್‌ನಲ್ಲಿ ಪುಟದೊಳಗಿನಿಂದ ಧ್ವನಿಯ ಮಟ್ಟ ಬದಲಿಸಲಾಗದು. ನೀವು ವಾಲ್ಯೂಮ್ 0.3 ಎಂದು ಬರೆದರೂ ಪೂರ್ತಿ ಜೋರಾಗಿಯೇ ಬರುತ್ತದೆ, ಫೇಡ್ ಔಟ್ ಕೆಲಸ ಮಾಡುವುದಿಲ್ಲ. ಎಷ್ಟು ಮೆಲ್ಲಗೆ ಬೇಕೋ ಅಷ್ಟು ಮೆಲ್ಲಗೆ ಕಡತವನ್ನೇ ತಯಾರಿಸಿ. ಐದನೇ ಮೆಟ್ಟಿಲಿಗೆ ಕರಗುವ ಶ್ರುತಿ ಬೇಕೆಂದರೆ, ಆರಂಭದಿಂದ ಕರಗುತ್ತಾ ಹೋಗುವ 8 ಸೆಕೆಂಡಿನ ಬೇರೆ ಕಡತ ಮಾಡಿ, ಮೊದಲಿನದನ್ನು ನಿಲ್ಲಿಸಿ ಅದನ್ನು ನುಡಿಸಿ.

---

ಹೊಸಕೊಂಡಿ:

ಎಲ್ಲರಿಗೂ ಧನ್ಯವಾದ. ನಾಲ್ಕು ನೆನಪಿನ ಕಟ್ಟಡವನ್ನೇ ಹಿಡಿಯುತ್ತೇನೆ. ಇನ್ನು ಮೂರು ಕೇಳುತ್ತೇನೆ. ಮೆಟ್ಟಿಲುಗಳಲ್ಲಿ ಹಿಂದಕ್ಕೆ ಹೋಗುವ ಬಾಣ ತೆಗೆಯಬೇಕೇ? ಸಂಭಾಷಣೆ ಉತ್ತರ ಕರ್ನಾಟಕದ ಮಾತಿನಲ್ಲೇ ಇರಬೇಕೇ? ಟ್ವೈನ್ ಒಳಗೆ ಆಡಿ ನೋಡಿದರೆ ಧ್ವನಿ ಬರುತ್ತಿಲ್ಲ, ಏಕೆ?

---

ಏಕತಾರಿ:

ಬಾಣ ಇಡೀ ಆಟದಿಂದಲೇ ತೆಗೆಯಿರಿ. ಕಾನ್ಫಿಗ್ ಹಿಸ್ಟರಿಯಲ್ಲಿ ಕಂಟ್ರೋಲ್ಸ್ ಎಂಬುದನ್ನು ಫಾಲ್ಸ್ ಮಾಡಿದರೆ ಹೋಗುತ್ತದೆ. ಆಡಿದ ಮಾತು ಹಿಂದಕ್ಕೆ ಬರುವಂತಿದ್ದರೆ ಈ ಆಟಕ್ಕೆ ಬೆನ್ನೆಲುಬೇ ಇರುವುದಿಲ್ಲ.

ಮಾತಿನ ಬಗ್ಗೆ: ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ಮಾತು ನಿಮ್ಮ ಮನೆಯದಾದರೆ ಸಂಭಾಷಣೆಗೆ ಬಳಸಿ, ನಿರೂಪಣೆ ನಿಮ್ಮ ಸಾಮಾನ್ಯ ಬರಹದಲ್ಲಿರಲಿ. ನಿಮ್ಮದಲ್ಲದಿದ್ದರೆ ಕ್ರಿಯಾಪದಗಳ ತುದಿ ತಿರುಚಿ ಆ ಕಡೆಯ ಮಾತು ಎಂದು ತೋರಿಸಬೇಡಿ, ಆ ಭಾಗದವರು ಮೊದಲ ಸಾಲಿಗೇ ಹಿಡಿಯುತ್ತಾರೆ. ಚಿಕ್ಕ ವಾಕ್ಯ, ಸಂಬೋಧನೆಗೆ ಅವ್ವ, ಅಕ್ಕ, ತಂಗಿ. ಅಷ್ಟಿದ್ದರೆ ಸಾಕು.

---

ಒತ್ತಕ್ಷರ:

ಬಾಣದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬಹುಪಾಲು ಜನ ಇದನ್ನು ಫೋನಿನಲ್ಲಿ ಆಡುತ್ತಾರೆ, ಹೆಬ್ಬೆರಳು ತಪ್ಪಿ ಬೇರೆ ಲಿಂಕಿಗೆ ತಾಗುವುದು ಸಾಮಾನ್ಯ. ತಪ್ಪಿ ಒತ್ತಿದ್ದನ್ನು ಸರಿಪಡಿಸಲು ದಾರಿ ಇಲ್ಲದಿದ್ದರೆ ಮೊದಲಿನಿಂದ ಆಡುವವರು ಕಡಿಮೆ, ಬಿಟ್ಟುಹೋಗುವವರೇ ಹೆಚ್ಚು. ತವರಿನ ಭಾಗದಲ್ಲಿ ಬಾಣ ಇರಲಿ, ಗಂಗೆಪೂಜೆಯಿಂದ ಮುಂದಕ್ಕೆ ಮರೆಯಾಗಲಿ. ಆ ಪ್ಯಾಸೇಜ್‌ಗಳಿಗೆಲ್ಲ ಇನ್ನೊಂದು ಸಮಾನ ಟ್ಯಾಗ್ ಕೊಟ್ಟು, ಸ್ಟೈಲ್‌ಶೀಟಿನಲ್ಲಿ ಬಾಣಗಳ ಡಬ್ಬಿಯನ್ನು ಅಡಗಿಸಿದರೆ ಆಯಿತು. ಹಾಗೆಯೇ ಲಿಂಕ್‌ಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಡಿ.

---

ಶ್ರುತಿಪೆಟ್ಟಿಗೆ:

ಧ್ವನಿ ಬಾರದಿರುವುದು ದಾರಿಯ ಸಮಸ್ಯೆ. ಟ್ವೈನ್‌ನಲ್ಲಿ ಪ್ಲೇ ಒತ್ತಿದಾಗ ಆಟ ಬೇರೆಡೆಯಿಂದ ತೆರೆಯುತ್ತದೆ, ನಿಮ್ಮ ಧ್ವನಿ ಫೋಲ್ಡರ್ ಅದರ ಪಕ್ಕದಲ್ಲಿ ಇರುವುದಿಲ್ಲ. ಪಬ್ಲಿಷ್ ಟು ಫೈಲ್ ಮಾಡಿ, ಸಿಕ್ಕ ಕಡತವನ್ನು ಧ್ವನಿ ಮತ್ತು ಫಾಂಟ್ ಫೋಲ್ಡರ್‌ಗಳ ಪಕ್ಕದಲ್ಲಿಟ್ಟು ತೆರೆಯಿರಿ.

ಏರಿಸುವಾಗಲೂ ಅದೇ ಜೋಡಣೆ. ಕಡತಕ್ಕೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಎಂದೇ ಹೆಸರಿಡಿ. ಮೇಲಿನ ಫೋಲ್ಡರನ್ನಲ್ಲ, ಒಳಗಿನ ಕಡತಗಳನ್ನೇ ಆಯ್ದು ಝಿಪ್ ಮಾಡಿ. ಆಟಗಳನ್ನು ಏರಿಸುವ ಇಚ್ (itch.io) ತಾಣದಲ್ಲಿ ಯೋಜನೆಯ ಬಗೆಯನ್ನು ಎಚ್‌ಟಿಎಂಎಲ್ ಎಂದು ಆರಿಸಿ, ಬ್ರೌಸರಿನಲ್ಲಿ ಆಡಿಸುವ ಕಡತ ಎಂಬ ಚೌಕಕ್ಕೆ ಗುರುತು ಹಾಕಿ, ಮೊಬೈಲ್‌ಗೆ ಹೊಂದುತ್ತದೆ ಎಂಬುದಕ್ಕೂ. ಅಲ್ಲಿ ಕಡತದ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಂದೇ ಲೆಕ್ಕ. ವಿಂಡೋಸ್‌ನಲ್ಲಿ ಸರಿಯಾಗಿ ಆಡಿದ್ದು ಏರಿಸಿದ ಮೇಲೆ ಮೂಕವಾಗಲು ಸಾಮಾನ್ಯವಾಗಿ ಇದೇ ಕಾರಣ. ಎಲ್ಲ ಹೆಸರುಗಳನ್ನೂ ಸಣ್ಣಕ್ಷರದಲ್ಲಿ, ಖಾಲಿ ಜಾಗ ಬಿಡದೆ ಇಡಿ.

ಬ್ರೌಸರಿನ ಟ್ವೈನ್ ಬಳಸುತ್ತಿದ್ದರೆ ನಿಮ್ಮ ಕೆಲಸ ಇರುವುದು ಆ ಬ್ರೌಸರಿನ ನೆನಪಿನಲ್ಲಿ ಮಾತ್ರ. ಹಿಸ್ಟರಿ ಅಳಿಸುವಾಗ ಸೈಟ್ ಡೇಟಾಕ್ಕೂ ಗುರುತು ಬಿದ್ದರೆ ಕಥೆಯೂ ಹೋಗುತ್ತದೆ, ಸಫಾರಿಯಲ್ಲಿ ಏಳು ದಿನ ತೆರೆಯದಿದ್ದರೆ ತಾನೇ ಅಳಿಸಬಹುದು. ಪ್ರತಿ ರಾತ್ರಿ ಆರ್ಕೈವ್ (ಕಥೆಯ ಬ್ಯಾಕಪ್ ಕಡತ) ತೆಗೆದು ದಿನಾಂಕ ಹಾಕಿ ಬೇರೆ ಕಡೆ ಇಡಿ. ಮೊದಲ ಝಿಪ್ಪನ್ನು ಕೊನೆಯ ದಿನಕ್ಕೆ ಬಿಡಬೇಡಿ. ಮುಖಪುಟ ಮತ್ತು ಎರಡು ಪ್ಯಾಸೇಜ್ ಆದ ಕೂಡಲೇ ಡ್ರಾಫ್ಟ್ ಆಗಿ ಏರಿಸಿ, ಒಂದು ಆಂಡ್ರಾಯ್ಡ್, ಒಂದು ಐಫೋನ್‌ನಲ್ಲಿ ತೆರೆದು ಫಾಂಟ್ ಮತ್ತು ಶ್ರುತಿ ಬರುತ್ತಿವೆಯೇ ನೋಡಿಕೊಳ್ಳಿ.